ಮಂಡ್ಲಾದ ಕಪ್ಪು, ಅಲೀಗಢದ ಬಿಳುಪು

ಚಿತ್ರಕಲಾವಿದ ಸೈಯದ್ ಹೈದರ್ ರಝಾ ಅವರ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಒಂದು, ಅವರ ಚಿತ್ರವೊಂದು ಹರಾಜಿನಲ್ಲಿ ಕೋಟಿಗಟ್ಟಲೆ ಹಣಕ್ಕೆ ಮಾರಾಟವಾದಾಗ. 2010ರಲ್ಲಿ ‘ಸೌರಾಷ್ಟ್ರ’ ಎಂಬ ಚಿತ್ರ ಲಂಡನ್ನಿನ ಹರಾಜಿನಲ್ಲಿ ಸುಮಾರು 16 ಕೋಟಿ ರೂಪಾಯಿಗೆ ಹೋದಾಗ ಹಾಗಾಯಿತು. 2023ರಲ್ಲಿ ‘ಜೆಸ್ಟೇಶನ್’ 51 ಕೋಟಿ ದಾಟಿದಾಗ ಮತ್ತೊಮ್ಮೆ ಆಯಿತು. ಇನ್ನೊಂದು, ಕೋಮು ಸೌಹಾರ್ದದ ಬಗ್ಗೆ ಮಾತನಾಡುವವರಿಗೆ ಉದಾಹರಣೆ ಬೇಕಾದಾಗ. ಮುಸ್ಲಿಮನಾಗಿ ಹುಟ್ಟಿಯೂ ಬಿಂದುವನ್ನು ಚಿತ್ರಿಸಿದರು, ಪಂಚಭೂತಗಳನ್ನು ಚಿತ್ರಿಸಿದರು, ಕುಂಡಲಿನಿಯನ್ನು ಚಿತ್ರಿಸಿದರು ಎಂದು ಅವರನ್ನು ಹೊಗಳಲಾಗುತ್ತದೆ.

ಈ ಹೊಗಳಿಕೆಯ ಹಿಂದೆ ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ‘ಹುಟ್ಟಿಯೂ’ ಎಂಬ ಮಾತಿನ ಕೊನೆಯಲ್ಲಿರುವ ಆ ‘ಯೂ’ ಮಾಡುವ ಕೆಲಸವನ್ನು ನಾವು ಗಮನಿಸಬೇಕು. ಅದು ಮೊದಲು ಪ್ರತಿಯೊಂದು ಆಕೃತಿಯನ್ನೂ ಪ್ರತಿಯೊಂದು ಬಣ್ಣವನ್ನೂ ಒಂದೊಂದು ಧರ್ಮದ ಖಾತೆಗೆ ಬರೆದುಬಿಡುತ್ತದೆ. ಆಮೇಲೆ, ಒಂದು ಖಾತೆಯವನು ಇನ್ನೊಂದು ಖಾತೆಯಿಂದ ಎರವಲು ಪಡೆದನಲ್ಲ ಎಂದು ಬೆರಗಾಗುತ್ತದೆ. ಈ ಲೆಕ್ಕಾಚಾರದಲ್ಲಿ ಚಿತ್ರವನ್ನು ನೋಡುವ ಕೆಲಸ ಮಾತ್ರ ನಡೆಯುವುದೇ ಇಲ್ಲ. ಹರಾಜಿನ ಮನೆಯವರು ಬೆಲೆಯನ್ನು ನೋಡುತ್ತಾರೆ, ಸೌಹಾರ್ದದ ಭಾಷಣಕಾರರು ಹೆಸರನ್ನು ನೋಡುತ್ತಾರೆ. ಕ್ಯಾನ್ವಾಸಿನ ಮೇಲಿರುವ ಬಣ್ಣ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಅದು ಬಂದದ್ದು ಕಾಡಿನಿಂದ. ರಝಾ 1922ರ ಫೆಬ್ರವರಿ 22ರಂದು ಈಗಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಬರಿಯಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಸೈಯದ್ ಮುಹಮ್ಮದ್ ರಝೀ ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದರು. ನರ್ಮದೆ ಹರಿಯುವ, ಗೊಂಡರು ಬದುಕುವ, ಸಾಲವೃಕ್ಷಗಳು ಒತ್ತಾಗಿ ಬೆಳೆದ ಸೀಮೆ ಅದು. ವಿದ್ಯುತ್ ದೀಪವಿಲ್ಲದ ಆ ಕಾಲದಲ್ಲಿ ಕಾಡಿನಂಚಿನ ಮನೆಯೊಂದರಲ್ಲಿ ರಾತ್ರಿ ಎಂದರೆ ಏನಾಗಿತ್ತು ಎಂಬುದನ್ನು ರಝಾ ಮುಂದೆ ಮತ್ತೆ ಮತ್ತೆ ನೆನೆದಿದ್ದಾರೆ. ಕತ್ತಲು ಅವರನ್ನು ಹೆದರಿಸುತ್ತಿತ್ತು. ಗೊಂಡರ ಕುಣಿತವೊಂದೇ ಆ ರಾತ್ರಿಗಳಿಗೆ ಮನುಷ್ಯರ ಸದ್ದು ಕೊಡುತ್ತಿತ್ತು. ಬೆಳಗಾಯಿತೆಂದರೆ ಜೀವ ಮರಳುತ್ತಿತ್ತು. ಸಂತೆಯ ದಿನ ಬಿಸಿಲಿನಲ್ಲಿ ಹಳ್ಳಿಗೆ ಹಳ್ಳಿಯೇ ಬಣ್ಣವಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಬಣ್ಣಗಳು ಒದಗಿದ ಕ್ರಮವನ್ನು. ಮೊದಲು ಬಂದದ್ದು ಕಪ್ಪು. ಕೆಂಪು, ಹಳದಿ, ಹಸಿರುಗಳು ಆ ಕಪ್ಪಿನೊಳಗಿಂದ ಒಂದೊಂದಾಗಿ ಹೊರಗೆ ಬಂದವು. ಹಳ್ಳಿಯಲ್ಲಿ ಬೆಳೆದ ಯಾವ ಮಗುವೂ ಇದನ್ನು ಬಲ್ಲದು. ಮುಂಜಾವಿನಲ್ಲಿ ಕಣ್ಣು ತೆರೆದು ಮಲಗಿದ್ದರೆ ಮೊದಲು ಮಾಡಿನ ಜಂತಿಯ ಗೆರೆ ಕಾಣುತ್ತದೆ, ಆಮೇಲೆ ಗೋಡೆ, ಆಮೇಲೆ ಹಗ್ಗದ ಮೇಲೆ ತೂಗುಹಾಕಿದ ಬಟ್ಟೆಗೆ ಬಣ್ಣವಿದೆ ಎಂಬುದು. ರಝಾ ಮುಂದೆ ಕಪ್ಪನ್ನು ಎಲ್ಲ ಬಣ್ಣಗಳ ತಾಯಿ ಎಂದು ಕರೆದಾಗ ವಿಮರ್ಶಕರು ತತ್ವಶಾಸ್ತ್ರದ ಗ್ರಂಥಗಳನ್ನು ತೆರೆದರು. ಗ್ರಂಥಗಳಲ್ಲಿ ಅದಕ್ಕೆ ಆಧಾರವಿಲ್ಲವೆಂದಲ್ಲ. ರಝಾ ಸ್ವತಃ ಆ ಗ್ರಂಥಗಳನ್ನು ಓದಿದವರು. ಆದರೆ ಗ್ರಂಥ ಓದುವ ಮೊದಲೇ ಆ ಹುಡುಗ ಎಷ್ಟೋ ರಾತ್ರಿಗಳನ್ನು ಕಳೆದಿದ್ದ.

ಬಿಂದುವಿನ ಕಥೆಯೂ ಹೀಗೆಯೇ. ಕಾಕೈಯಾ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ರಝಾ ಓದುತ್ತಿದ್ದಾಗ ಅವರ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ನಂದಲಾಲ್ ಝಾರಿಯಾ ಎಂಬ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದನ್ನೇ ನೋಡುತ್ತಾ ಕೂತಿರು ಎಂದರು. ರಝಾ ಹೇಳಿಕೊಂಡ ಈ ಪ್ರಸಂಗವನ್ನು ಅವರ ಬಗ್ಗೆ ಬರೆದವರೆಲ್ಲ ಉಲ್ಲೇಖಿಸುತ್ತಾರೆ. ಹಾಗೆ ಉಲ್ಲೇಖಿಸುತ್ತಲೇ ಒಂದೇ ನೆಗೆತಕ್ಕೆ ಬ್ರಹ್ಮಾಂಡಕ್ಕೆ ಹಾರಿಬಿಡುತ್ತಾರೆ. ನನಗೆ ಆ ಶಾಲೆಯ ಗೋಡೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಚಂಚಲ ಹುಡುಗನೊಬ್ಬನನ್ನು ತಹಬಂದಿಗೆ ತರಲು ಬಡ ಮೇಷ್ಟ್ರೊಬ್ಬರು ಹೂಡಿದ ಉಪಾಯ ಅದು. ಬೆತ್ತ ಎತ್ತಿಕೊಳ್ಳುವ ಬದಲು ಚುಕ್ಕಿ ಇಟ್ಟರು ಎನ್ನುವುದೇ ದೊಡ್ಡ ಸಂಗತಿ. ರಝಾ ಎಪ್ಪತ್ತು ದಾಟಿದ ಮೇಲೂ ಆ ಮೇಷ್ಟ್ರನ್ನು ಮರೆಯದಿದ್ದುದಕ್ಕೆ ದರ್ಶನಶಾಸ್ತ್ರದ ಕಾರಣವೊಂದೇ ಇರಲಿಕ್ಕಿಲ್ಲ.

ಮುಸ್ಲಿಮ್ ಓದುಗರಲ್ಲಿ ಕೆಲವರಿಗೆ ಈ ಹಂತದಲ್ಲಿ ಇನ್ನೊಂದು ಆಸೆ ಮೂಡಬಹುದು. ಅರಬಿ ಲಿಪಿಕಲೆಯಲ್ಲಿ ‘ನುಕ್ತಾ’ ಎಂಬ ಚುಕ್ಕಿಗೆ ದೊಡ್ಡ ಸ್ಥಾನವಿದೆ. ಅಲಿಫ್ ಎಷ್ಟು ಎತ್ತರ ಇರಬೇಕು, ಬೇ ಎಷ್ಟು ಅಗಲ ಇರಬೇಕು ಎಂಬುದನ್ನೆಲ್ಲ ಲೇಖನಿಯ ತುದಿಯಿಂದ ಮೂಡುವ ಚುಕ್ಕಿಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಈ ಕ್ರಮವನ್ನು ಹತ್ತನೇ ಶತಮಾನದ ಬಗ್ದಾದಿನ ಇಬ್ನ್ ಮುಖ್ಲನ ಹೆಸರಿಗೆ ಜೋಡಿಸಲಾಗುತ್ತದೆ. ಸೂಫಿಗಳು ‘ಬೇ’ಯ ಕೆಳಗಿನ ಚುಕ್ಕಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಹಾಗಾದರೆ ರಝಾರ ಬಿಂದುವನ್ನು ನಮ್ಮ ನುಕ್ತಾ ಎನ್ನಬಾರದೇಕೆ? ಅನ್ನಬಹುದು, ಆದರೆ ಅದರಿಂದ ಲಾಭವೇನೂ ಇಲ್ಲ. ಅವರು ತಮ್ಮ ಖಾತೆಗೆ ಬರೆದುಕೊಂಡದ್ದನ್ನು ನಾವು ಕಿತ್ತು ನಮ್ಮ ಖಾತೆಗೆ ಬರೆದುಕೊಂಡಂತಾಗುತ್ತದೆ, ಅಷ್ಟೆ. ಖಾತೆಪುಸ್ತಕ ಅದೇ ಉಳಿಯುತ್ತದೆ.

ಕಾಡಿನಿಂದ ರಝಾ ದಮೋಹ್‌ಗೆ, ಅಲ್ಲಿಂದ ನಾಗಪುರದ ಕಲಾಶಾಲೆಗೆ, 1943ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಬಂದರು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೊರಟ ನಮ್ಮ ಕೆ.ಕೆ. ಹೆಬ್ಬಾರರು ಆ ದಿನಗಳಲ್ಲಿ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಬ್ರಿಟಿಷ್ ಅಕಾಡೆಮಿಯ ಮಂಕು ಬಣ್ಣಗಳಿಂದ ತಪ್ಪಿಸಿಕೊಳ್ಳಲು ಹೆಬ್ಬಾರರು ಜೈನ ಹಸ್ತಪ್ರತಿಗಳ, ರಜಪೂತ ಕಿರುಚಿತ್ರಗಳ ಬಣ್ಣಗಳತ್ತ ತಿರುಗಿದ್ದರು. ರಝಾ ಕೂಡ ಮುಂದೆ ಮೇವಾಡ, ಮಾಳವ, ಬಸೋಹ್ಲಿಯ ಕಿರುಚಿತ್ರಗಳಲ್ಲಿ ತಮಗೆ ಬೇಕಾದ ಬಿಸಿ ಬಣ್ಣಗಳನ್ನು ಕಂಡುಕೊಂಡರು. 1947ರಲ್ಲಿ ಸೋಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಇವರೊಂದಿಗೆ ಸೇರಿ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದ ಕಥೆ ಪ್ರಸಿದ್ಧವಾದದ್ದೇ. ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಬೆಳೆಸಬೇಕಾದದ್ದು ಅದೇ ವರ್ಷಗಳ ಇನ್ನೊಂದು ಕಥೆ. 1947ರಲ್ಲಿ ತಾಯಿ ತೀರಿಕೊಂಡರು, 1948ರಲ್ಲಿ ತಂದೆ. ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೊರಟುಹೋದರು. ಮೊದಲ ಹೆಂಡತಿಯೂ ಹೋದರು. ಇಪ್ಪತ್ತಾರು ವರ್ಷದ ರಝಾ ಉಳಿದರು. ಬಾಲ್ಯದಲ್ಲಿ ಮಂಡ್ಲಾದಲ್ಲಿ ಗಾಂಧೀಜಿಯನ್ನು ಕಂಡದ್ದನ್ನು ಅವರು ಮರೆತಿರಲಿಲ್ಲ. ದೇಶ ಬಿಟ್ಟರೆ ಆ ಮುದುಕನಿಗೆ ದ್ರೋಹ ಮಾಡಿದಂತೆ ಎನಿಸಿತು ಎಂಬ ಅರ್ಥದ ಮಾತನ್ನು ಮುಂದೆ ಆಡಿದ್ದಾರೆ. ಹೀಗೆ ಮನೆ ಇದ್ದ ಊರು ಉಳಿಯಿತು, ಮನೆಯವರು ಉಳಿಯಲಿಲ್ಲ. 1950ರಲ್ಲಿ ಫ್ರೆಂಚ್ ಸರಕಾರದ ವಿದ್ಯಾರ್ಥಿವೇತನ ಪಡೆದು ಅವರು ಪ್ಯಾರಿಸ್ಸಿಗೆ ಹೋದಾಗ ಹಿಂದೆ ಬಿಟ್ಟುಹೋದದ್ದು ಇಂಥ ಅರ್ಧ ಖಾಲಿಯಾದ ಊರನ್ನು.

ಪ್ಯಾರಿಸ್ಸಿನ ಮೊದಲ ವರ್ಷಗಳ ಚಿತ್ರಗಳಲ್ಲಿ ಮನೆಗಳಿವೆ, ಮನುಷ್ಯರಿಲ್ಲ. ಫ್ರಾನ್ಸಿನ ಹಳ್ಳಿಗಳ ಮನೆಗಳು ಒಂದಕ್ಕೊಂದು ಅಂಟಿ ನಿಂತಿವೆ. ಕೆಲವು ಚಿತ್ರಗಳಲ್ಲಿ ಮೇಲೆ ಕಪ್ಪು ಸೂರ್ಯನಿದ್ದಾನೆ. 1956ರಲ್ಲಿ ಅಲ್ಲಿಯ ವಿಮರ್ಶಕರ ಬಹುಮಾನ ಮೊದಲ ಬಾರಿಗೆ ಫ್ರೆಂಚೇತರ ಕಲಾವಿದರೊಬ್ಬರಿಗೆ ಸಂದಿತು. ಅವರು ರಝಾ. ಮನೆಗಳು ಹೀಗೆ ಗೆದ್ದುಕೊಟ್ಟವು. ಆದರೆ ಅವು ಮಂಡ್ಲಾದ ಮನೆಗಳಲ್ಲ. ನುರಿತ ಕೈಯ ಕೆಲಸ ಅದು, ಚೆನ್ನಾಗಿದೆ, ಆದರೂ ಬೇರೊಬ್ಬರ ಊರಿನಲ್ಲಿ ನಿಂತು ನೋಡುವವನ ದೂರ ಅದರಲ್ಲಿದೆ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಎರಡು ಬದಲಾವಣೆಗಳಾದವು. ತೈಲವರ್ಣ ಬಿಟ್ಟು ಬೇಗ ಒಣಗುವ ಅಕ್ರಿಲಿಕ್ ಬಣ್ಣಕ್ಕೆ ಬಂದರು. 1962ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಹೇಳಲು ಹೋದಾಗ ರಾಥ್ಕೋ ಮೊದಲಾದವರ ಚಿತ್ರಗಳನ್ನು ನೋಡಿದರು. ಬಣ್ಣ ಯಾವುದೋ ವಸ್ತುವಿನ ಬಣ್ಣವಾಗಿಯೇ ಇರಬೇಕಿಲ್ಲ ಎಂಬ ಧೈರ್ಯ ಅಲ್ಲಿಂದ ಬಂತು. ಮನೆಗಳ ಗೆರೆ ಕರಗಿತು. ಗೆರೆ ಕರಗಿದ ಮೇಲೆಯೇ ಅವರ ಮನೆ ಬಂದದ್ದು.

1970ರ ದಶಕದ ಆರಂಭದ ಚಿತ್ರಗಳನ್ನು ನಾನು ಹೇಳುತ್ತಿರುವುದು. 1971ರ ‘ಜಮೀನ್’, 1973ರ ‘ಲಾ ತೆರ್’. ಎರಡು ಭಾಷೆಗಳಲ್ಲಿ ಇಟ್ಟ ಒಂದೇ ಹೆಸರು, ಎರಡಕ್ಕೂ ‘ನೆಲ’ ಎಂದೇ ಅರ್ಥ. ‘ಜಮೀನು’ ಎಂಬ ಮಾತನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಈ ಚಿತ್ರಗಳಲ್ಲಿ ಮರ, ನದಿ, ಗುಡಿಸಲು ಯಾವುದೂ ಇಲ್ಲ, ಆದರೂ ಇದು ಬಯಲಲ್ಲ ಕಾಡು, ಹಗಲಲ್ಲ ರಾತ್ರಿ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಕಪ್ಪು ಮತ್ತು ಕಂದು ಒಂದರ ಮೇಲೊಂದು ಹರಡಿವೆ. ಅವುಗಳ ಸಂದಿಯಲ್ಲಿ ಕೆಂಡದಂಥ ಕಿತ್ತಳೆ, ಒಂದು ಚೂರು ಹಸಿರು, ಅರಿಸಿನದ ಬೇರನ್ನು ಮುರಿದಾಗ ಕಾಣುವಂಥ ಹಳದಿ. ಕುಂಚ ಅವಸರದಲ್ಲಿ ಓಡಿದೆ. ಎಲ್ಲಿ ಬೆಂಕಿ, ಎಲ್ಲಿ ಕಣ್ಣು, ಎಲ್ಲಿ ಬೆಳಗಿನ ಬೆಳಕು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹೆದರಿಕೆ ಇದೆ, ಜೊತೆಗೆ ಹೆದರಿಕೆ ಕಳೆಯುವ ಸುಖವೂ ಇದೆ. ನೆನಪು ನಮ್ಮೊಳಗೆ ಇರುವುದು ಹೀಗೆಯೇ. ಬಾಲ್ಯದ ಮನೆಯನ್ನು ನೆನೆಯುವಾಗ ಅದರ ನಕ್ಷೆ ಮೊದಲು ಬರುವುದಿಲ್ಲ. ಮಸಿ ಹಿಡಿದ ಅಡುಗೆಮನೆಯ ಮೂಲೆಯಲ್ಲಿ ಒಲೆಯ ಕೆಂಪು ಬರುತ್ತದೆ.

ಈ ಚಿತ್ರಗಳನ್ನು ನೋಡುವಾಗ ನಮ್ಮ ನಮ್ಮ ಮನೆಗಳ ಬಣ್ಣ ಯಾವುದಾಗಿತ್ತು ಎಂದು ಕೇಳಿಕೊಳ್ಳದೆ ಇರಲಾಗುವುದಿಲ್ಲ. ಕರಾವಳಿಯವರಿಗೆ ‘ಕಾವಿ’ ಎಂದರೆ ಮೊದಲು ನೆನಪಾಗುವುದು ನೆಲ. ಬರಿಗಾಲಿಗೆ ತಣ್ಣಗೆ ತಾಗುವ, ಒರೆಸಿ ಒರೆಸಿ ಕನ್ನಡಿಯಂತಾದ ಕಾವಿ ನೆಲ ಬ್ಯಾರಿಗಳ ಮನೆಯಲ್ಲೂ ಇತ್ತು, ಬಂಟರ ಮನೆಯಲ್ಲೂ ಇತ್ತು, ಕ್ರೈಸ್ತರ ಮನೆಯಲ್ಲೂ ಇತ್ತು. ಮಳೆಗಾಲದಲ್ಲಿ ಅದರ ಮೇಲೆ ಹಾಸಿದ ಚಾಪೆ, ಅದರ ಮೇಲೆ ಮಲಗಿದ ಮೈ. ಹಾಗೆಯೇ ಹಬ್ಬ ಬಂತೆಂದರೆ ಸುಣ್ಣಕ್ಕೆ ಚೂರು ನೀಲಿ ಪುಡಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದರು. ರಂಝಾನಿನ ಮುಂಚೆ ನಮ್ಮ ಓಣಿಗಳಲ್ಲಿ ಹಬ್ಬುತ್ತಿದ್ದ ಹಸಿ ಸುಣ್ಣದ ವಾಸನೆ ದೀಪಾವಳಿಯ ಮುಂಚೆ ಪಕ್ಕದ ಓಣಿಯಲ್ಲಿ ಹಬ್ಬುತ್ತಿತ್ತು. ಇದನ್ನು ಸೌಹಾರ್ದ ಎಂದು ಯಾರೂ ಕರೆಯುತ್ತಿರಲಿಲ್ಲ. ಸುಣ್ಣ ಅಗ್ಗವಾಗಿತ್ತು, ನೀಲಿ ಹಾಕಿದರೆ ಗೋಡೆ ಬೆಳ್ಳಗೆ ಕಾಣುತ್ತಿತ್ತು, ಅಷ್ಟೆ. ಬಣ್ಣ ಮನುಷ್ಯನಿಗೆ ಹತ್ತುವುದು ಇಂಥ ಸಣ್ಣ ಕಾರಣಗಳಿಂದ.

ಮತ್ತೆ ರಝಾರಿಗೆ ಬರೋಣ. 1980ರ ಸುಮಾರಿಗೆ ಬಿಂದು ಅವರ ಚಿತ್ರಗಳ ಮಧ್ಯಕ್ಕೆ ಬಂತು. ಆ ಮೊದಲ ಬಿಂದುಗಳು, ಮುಖ್ಯವಾಗಿ 1981ರ ‘ಮಾ’, ನಿಜಕ್ಕೂ ದೊಡ್ಡ ಚಿತ್ರಗಳು. ದೊಡ್ಡದೊಂದು ಕಪ್ಪು ವೃತ್ತ, ಮಣ್ಣಿನ ಬಣ್ಣಗಳು, ಜೊತೆಗೆ ಅಶೋಕ್ ವಾಜಪೇಯಿಯವರ ಕವಿತೆಯಿಂದ ತೆಗೆದ ಒಂದು ಸಾಲು ನಾಗರಿ ಲಿಪಿಯಲ್ಲಿ. ಪರದೇಶದಲ್ಲಿರುವ ಮಗ ತಾಯಿಯನ್ನು ಕೇಳುವ ಸಾಲು ಅದು. ಕಾಡಿನ ಕಪ್ಪು ಇಲ್ಲಿ ಒಂದೆಡೆ ಸೇರಿ ಗುಂಡಗಾಗಿದೆ. ಆದರೆ ಇದಾದ ಮೇಲಿನ ದಶಕಗಳಲ್ಲಿ ನಡೆದುದನ್ನು ಅಭಿಮಾನಿಗಳು ಒಪ್ಪಲಿ ಬಿಡಲಿ ಹೇಳಲೇಬೇಕು. ಕಪ್ಪು, ಬಿಳಿ, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳಿಗೆ ಐದು ಭೂತಗಳ ಅರ್ಥ ನಿಗದಿಯಾಯಿತು. ತ್ರಿಕೋನ ಮೇಲಾದರೆ ಒಂದು ಅರ್ಥ, ಕೆಳಗಾದರೆ ಇನ್ನೊಂದು. ವೃತ್ತದ ಸುತ್ತ ವೃತ್ತ, ಅಳತೆಪಟ್ಟಿ ಹಿಡಿದಂಥ ಅಂಚು, ಮೇಲೊಂದು ಸಂಸ್ಕೃತದ ಹೆಸರು. ಹಿಂದೆ ಕಣ್ಣಿಗೆ ದಕ್ಕಿಯೂ ಬೆರಳಿಗೆ ಸಿಗದೆ ಉಳಿಯುತ್ತಿದ್ದ ಬಣ್ಣಕ್ಕೆ ಈಗ ಒಂದು ನಿಘಂಟು ತಯಾರಾಗಿತ್ತು. ನೋಡುವವರು ಚಿತ್ರ ನೋಡುವ ಬದಲು ನಿಘಂಟು ನೋಡಿ ಅರ್ಥ ಮಾಡಿಕೊಂಡು ಮುಂದಕ್ಕೆ ಹೋಗಬಹುದಾಗಿತ್ತು.

ನಿಘಂಟಿನ ಭಾಷೆಯನ್ನು ಯಾರೂ ಕಲಿಯಬಹುದು. 2009ರಲ್ಲಿ ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಹೋದ ರಝಾ ಗೋಡೆಯ ಮೇಲಿದ್ದವುಗಳಲ್ಲಿ ಹೆಚ್ಚಿನವು ನಕಲಿ ಎಂದು ಕಂಡು ದಂಗಾದರು. ಸಂತಾಪಪಡಬೇಕಾದ ಪ್ರಸಂಗ ಅದು. ನಕಲು ಮಾಡಿದವರದ್ದು ಅಪರಾಧ. ಆದರೆ ವಿಮರ್ಶೆ ಕೇಳಬೇಕಾದ ಪ್ರಶ್ನೆಯೊಂದು ಅದರಲ್ಲಿದೆ. ವೃತ್ತ, ತ್ರಿಕೋನ, ಐದು ಬಣ್ಣಗಳನ್ನು ಕೈವಾರ ಹಿಡಿದು ನಕಲು ಮಾಡುವುದು ಸುಲಭ. ‘ಜಮೀನ್’ ಚಿತ್ರದ ಕಂದು ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಕಲು ಮಾಡಲು ಮಂಡ್ಲಾದ ರಾತ್ರಿಯೇ ಬೇಕು.

ಇದು ಚಿತ್ರಕಲೆಯ ಒಳಜಗಳವಷ್ಟೇ ಆಗಿದ್ದರೆ ಈ ಪುಟಗಳಲ್ಲಿ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಬಣ್ಣದ ನಿಘಂಟು ನಮ್ಮ ಬೀದಿಗಳಲ್ಲೂ ತಯಾರಾಗುತ್ತಿದೆ. ಹಸಿರು ಎಂದರೆ ಮುಸ್ಲಿಮರು, ಕೇಸರಿ ಎಂದರೆ ಹಿಂದೂಗಳು ಎಂಬ ಪಾಠ ಈಗ ಮಕ್ಕಳಿಗೂ ಬಾಯಿಪಾಠ. ಆದರೆ ಕರ್ನಾಟಕದಲ್ಲಿ ಹಸಿರು ಶಾಲು ಹೆಗಲಿಗೇರಿದರೆ ಆತ ರೈತ. 1980ರಲ್ಲಿ ಹುಟ್ಟಿದ ರೈತಸಂಘ ಆ ಬಣ್ಣಕ್ಕೆ ಕೊಟ್ಟ ಅರ್ಥ ಹೊಲದ್ದು. ಸೀಮಂತಕ್ಕೆ ಹಸಿರು ಸೀರೆ, ಕೈತುಂಬ ಹಸಿರು ಗಾಜಿನ ಬಳೆ ಎನ್ನುವುದು ಈ ನಾಡಿನ ಹಿಂದೂ ಮನೆಗಳ ಪದ್ಧತಿ. ಇತ್ತ ಚಿಶ್ತೀ ಪರಂಪರೆಯ ಸಾಬಿರೀ ಫಕೀರರು ತೊಡುವುದು ಕಾವಿ. ಬಾರಾಬಂಕಿ ಬಳಿಯ ದೇವಾದ ವಾರಿಸ್ ಅಲೀ ಶಾಹರ ಅನುಯಾಯಿಗಳದ್ದು ಹಳದಿ ವಸ್ತ್ರ. ನಿಘಂಟು ಬರೆಯುವವರಿಗೆ ಇವೆಲ್ಲ ಅಪವಾದಗಳಾಗಿ ಕಾಣುತ್ತವೆ. ಬದುಕುವವರಿಗೆ ಇವು ಬರೀ ಬಟ್ಟೆ.

2022ರ ಫೆಬ್ರವರಿಯಲ್ಲಿ ನಮ್ಮ ಕಾಲೇಜುಗಳ ಗೇಟಿನ ಮುಂದೆ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ತಲೆವಸ್ತ್ರ ತೊಟ್ಟ ಹುಡುಗಿಯರ ಎದುರು ಕೇಸರಿ ಶಾಲುಗಳು ಬಂದವು. ಚಿಕ್ಕಮಗಳೂರಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ಆ ಹುಡುಗಿಯರ ಪರವಾಗಿ ನಿಂತರು. ಆ ದಿನಗಳ ವಾದವಿವಾದದಲ್ಲಿ ಬಹಳ ಜನ ಗಮನಿಸದೆ ಬಿಟ್ಟ ಅಂಶವೊಂದಿದೆ. ವಿದ್ಯಾರ್ಥಿನಿಯರ ಪರವಾಗಿ ಹೈಕೋರ್ಟಿನಲ್ಲಿ ಮಂಡಿಸಲಾದ ವಾದಗಳಲ್ಲಿ, ಸಮವಸ್ತ್ರದ ಬಣ್ಣದ್ದೇ ವಸ್ತ್ರವನ್ನು ತಲೆಗೆ ಹೊದೆಯಲು ಬಿಡಿ ಎಂಬುದೂ ಒಂದಾಗಿತ್ತು. ತನಗೊಂದು ಪ್ರತ್ಯೇಕ ಬಣ್ಣ ಬೇಕೆಂದು ಆ ಹುಡುಗಿಯರು ಕೇಳಿರಲಿಲ್ಲ. ಎಲ್ಲರ ಬಣ್ಣದಲ್ಲೇ ತನ್ನ ತಲೆ ಮುಚ್ಚಿಕೊಳ್ಳಲು ಒಂದು ಮೊಳ ಬಟ್ಟೆ ಹೆಚ್ಚು ಬೇಕು ಎಂದಿದ್ದರು. ಬಣ್ಣವನ್ನು ಬಾವುಟವಾಗಿ ಮಾತ್ರ ನೋಡಲು ಕಲಿತ ಕಣ್ಣಿಗೆ ಈ ಬೇಡಿಕೆ ಕಾಣಿಸಲೇ ಇಲ್ಲ.

ಬೇರೆಡೆಯ ಬಣ್ಣ ಒಂದು ನೆಲಕ್ಕೆ ಬಂದು ಆ ನೆಲದ್ದೇ ಆಗುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಮುಂಗೋಡೆ ಹೊಳಪಿನ ಹೆಂಚುಗಳಿಂದ ತುಂಬಿತ್ತು. ಗಾವಾನ್ ಇರಾನಿನ ಗೀಲಾನ್ ಸೀಮೆಯವರು. ವ್ಯಾಪಾರಕ್ಕೆಂದು ಬಂದು ಬಹಮನಿಗಳ ಮಂತ್ರಿಯಾದರು, 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಕೊಲೆಯಾದರು. ಹದಿನೇಳನೇ ಶತಮಾನದ ಕೊನೆಯ ವರ್ಷಗಳಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಉರುಳಿತು. ಉಳಿದ ಮಿನಾರಿನ ಮೇಲೆ, ಗೋಡೆಯ ಅಲ್ಲಲ್ಲಿ ಕಡುನೀಲಿ, ಬಿಳಿ, ಹಳದಿ, ಹಸಿರು ಚೂರುಗಳು ಇನ್ನೂ ಅಂಟಿಕೊಂಡಿವೆ. ಕೆಂಪು ಜಂಬಿಟ್ಟಿಗೆಯ ಆ ಊರಿನಲ್ಲಿ ಅಷ್ಟು ನೀಲಿ ಮಣ್ಣಿನಿಂದ ಹುಟ್ಟಿದ್ದಲ್ಲ, ಇರಾನಿನ ಊರುಗಳಿಂದ ನಡೆದುಬಂದದ್ದು. ಇವತ್ತು ಬೀದರಿನ ಹುಡುಗನೊಬ್ಬ ಪರವೂರಿನಲ್ಲಿ ಕೂತು ತನ್ನ ಊರನ್ನು ನೆನೆದರೆ ಕೆಮ್ಮಣ್ಣಿನ ಜೊತೆ ಆ ನೀಲಿಯೂ ನೆನಪಾಗುತ್ತದೆ. ಅದು ಯಾರು ತಂದದ್ದು ಎಂದು ಅವನು ಕೇಳುವುದಿಲ್ಲ.

ಮನೆಯನ್ನು ನೆನೆಯಲು ಬಣ್ಣವೇ ಬೇಕೇ? ರಝಾರ ಜೊತೆಯಲ್ಲಿ ಇನ್ನೊಬ್ಬರನ್ನು ಇಟ್ಟು ನೋಡಿದಾಗ ಈ ಪ್ರಶ್ನೆ ಏಳುತ್ತದೆ. ಝರೀನಾ ಹಾಶ್ಮಿ, ಕಲಾಲೋಕದಲ್ಲಿ ಬರೀ ಝರೀನಾ, 1937ರಲ್ಲಿ ಅಲೀಗಢದಲ್ಲಿ ಹುಟ್ಟಿದವರು. ತಂದೆ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕರು. ಮಗಳು ಅಲ್ಲಿಯೇ ಗಣಿತದಲ್ಲಿ ಪದವಿ ಪಡೆದರು. ವಿದೇಶಾಂಗ ಸೇವೆಯಲ್ಲಿದ್ದ ಗಂಡನ ಜೊತೆ ಬ್ಯಾಂಕಾಕ್, ಪ್ಯಾರಿಸ್ ಸುತ್ತಿದರು, ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆಸಿದರು. 1959ರಲ್ಲಿ ತಂದೆತಾಯಿ ಕರಾಚಿಗೆ ಹೋದರು. ರಝಾರಂತೆಯೇ ಇವರಿಗೂ ಊರು ಒಂದು ಕಡೆ, ಊರಿನವರು ಇನ್ನೊಂದು ಕಡೆ. ಇಷ್ಟಾದರೂ ಝರೀನಾರ ಕೃತಿಗಳಲ್ಲಿ ಕೆಂಪಿಲ್ಲ, ಹಳದಿಯಿಲ್ಲ. ಕೈಯಲ್ಲಿ ಮಾಡಿದ ಕಾಗದದ ಹಾಲುಬಿಳುಪು, ಅದರ ಮೇಲೆ ಮರದಚ್ಚಿನ ಕಪ್ಪು ಶಾಯಿ. ಕೊನೆಯ ವರ್ಷಗಳಲ್ಲಿ ಒಂದಿಷ್ಟು ಚಿನ್ನದ ರೇಕು.

1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ ಎಂಬ ಮಾಲೆಯಲ್ಲಿ 36 ಅಚ್ಚುಗಳಿವೆ. ಪ್ರತಿಯೊಂದಕ್ಕೂ ಒಂದು ಉರ್ದು ಪದ, ಲಿಪಿಕಾರರ ಕೈಯಲ್ಲಿ ನಸ್ತಾಲೀಖ್‌ನಲ್ಲಿ ಬರೆಸಿದ್ದು. ಮನೆ, ಹೊಸ್ತಿಲು, ಗಡಿ ಇಂಥ ಪದಗಳು. ಪದದ ಮೇಲೆ ಆ ಪದದ ಚಿತ್ರವೆನ್ನಬಹುದಾದ ಕೆಲವೇ ಗೆರೆಗಳು. ಗಣಿತ ಓದಿದವರ ಗೆರೆಗಳು ಅವು, ಒಂದೂ ಹೆಚ್ಚಿಲ್ಲ. 2001ರ ‘ಡಿವೈಡಿಂಗ್ ಲೈನ್’ನಲ್ಲಿರುವುದು ರ‍್ಯಾಡ್‌ಕ್ಲಿಫ್ ಎಳೆದ ಗಡಿ ಮಾತ್ರ. ಬಿಳಿಯ ಮೇಲೆ ಒಂದು ಕಪ್ಪು ಗೆರೆ ತಡವರಿಸುತ್ತಾ ಇಳಿಯುತ್ತದೆ. ನಕ್ಷೆಗಳಲ್ಲಿ ಎರಡು ದೇಶಗಳಿಗೆ ಎರಡು ಬಣ್ಣ ತುಂಬುವುದನ್ನು ಶಾಲೆಯಲ್ಲಿ ಕಲಿತವರು ನಾವು. ಇಲ್ಲಿ ಗೆರೆಯ ಎರಡೂ ಬದಿಗೆ ಒಂದೇ ಬಿಳಿ. ಯಾವ ಬದಿ ಯಾರದು ಎಂದು ಹೇಳುವ ಬಣ್ಣವನ್ನು ಆಕೆ ಬೇಕೆಂದೇ ತುಂಬಿಲ್ಲ. ದೇಶವಿಭಜನೆಯ ಬಗ್ಗೆ ಬಂದ ಎಷ್ಟೋ ರಕ್ತಗೆಂಪು ಚಿತ್ರಗಳಿಗಿಂತ ಈ ಬಿಳಿ ಹೆಚ್ಚು ಹೊತ್ತು ಕಾಡುತ್ತದೆ.

2004ರ ‘ಲೆಟರ್ಸ್ ಫ್ರಮ್ ಹೋಮ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪಾಕಿಸ್ತಾನದಲ್ಲಿದ್ದ ಅಕ್ಕ ರಾನಿ ವರ್ಷಗಟ್ಟಲೆ ಉರ್ದುವಿನಲ್ಲಿ ಪತ್ರ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದರು. ತಂದೆತಾಯಿಯ ಸಾವು, ಮನೆಯ ಮಾರಾಟ, ತಂಗಿ ಹತ್ತಿರವಿಲ್ಲದ ನೋವು. ಆ ಪತ್ರಗಳು ಕೊನೆಗೆ ತಂಗಿಯ ಕೈ ಸೇರಿದವು. ಝರೀನಾ ಅಕ್ಕನ ಕೈಬರಹವನ್ನೇ ಅಚ್ಚು ಮಾಡಿ, ಅದರ ಮೇಲೆ ಮನೆಗಳ ನಕ್ಷೆ, ಊರುಗಳ ನಕ್ಷೆ ಒತ್ತಿದರು. ಕೆಲವು ಕಡೆ ಅಕ್ಷರದ ಮೇಲೆ ಶಾಯಿ ಬಿದ್ದು ಓದಲಾಗುವುದಿಲ್ಲ. ಉರ್ದು ಬಲ್ಲವರಿಗೂ ಪೂರ್ತಿ ಸಿಗದ ಪತ್ರಗಳು ಅವು. ಮನೆಯೊಂದರ ದುಃಖವನ್ನು ಪ್ರದರ್ಶನಕ್ಕಿಟ್ಟೂ ಮರ್ಯಾದೆಯಿಂದ ಮುಚ್ಚಿದ ಕ್ರಮ ಇದು. ಬಣ್ಣವಿದ್ದಿದ್ದರೆ ಈ ಸಂಕೋಚ ಕೆಡುತ್ತಿತ್ತು ಎಂದು ನನ್ನ ಅನಿಸಿಕೆ.

ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಹೋಲಿಕೆ ನನಗೆ ಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಹೇಳಬೇಕು. ರಝಾರಿಗೆ ಮರಳಲು ಒಂದು ನೆಲವಿತ್ತು. ಹೆಂಡತಿ ಜನೀನ್ 2002ರಲ್ಲಿ ತೀರಿಕೊಂಡ ಮೇಲೆ, ಸುಮಾರು ಅರುವತ್ತು ವರ್ಷಗಳ ಫ್ರಾನ್ಸ್ ವಾಸ ಮುಗಿಸಿ 2010ರ ಕೊನೆಯಲ್ಲಿ ದೆಹಲಿಗೆ ಬಂದರು. 2016ರ ಜುಲೈ 23ರಂದು ತೀರಿಕೊಂಡಾಗ ಅವರ ಇಚ್ಛೆಯಂತೆ ಮಂಡ್ಲಾದ ಖಬರಸ್ಥಾನದಲ್ಲಿ ತಂದೆಯ ಪಕ್ಕದಲ್ಲಿ ದಫನ ಮಾಡಲಾಯಿತು. ಅವರ ಬಣ್ಣಗಳಿಗೆ ಅಷ್ಟು ಧೈರ್ಯ ಇರುವುದಕ್ಕೆ ಆ ನೆಲ ಕಾಯುತ್ತಿದೆ ಎಂಬ ಭರವಸೆಯೂ ಕಾರಣವಿರಬೇಕು. ಝರೀನಾರ ಮನೆ ಮಾರಾಟವಾಗಿತ್ತು, ತಂದೆತಾಯಿಯ ಗೋರಿ ಗಡಿಯಾಚೆ ಇತ್ತು. 2020ರ ಏಪ್ರಿಲಿನಲ್ಲಿ ಅವರು ಲಂಡನ್ನಿನಲ್ಲಿ ಕಣ್ಣು ಮುಚ್ಚಿದರು. ಇಂಥವರಿಗೆ ಮನೆ ಒಂದು ನಕ್ಷೆಯಾಗಿ, ಒಂದು ಪದವಾಗಿ ಉಳಿಯುತ್ತದೆ. ಪದಕ್ಕೆ ಕಪ್ಪು ಶಾಯಿ ಸಾಕು.

ಕೊನೆಗೊಂದು ವ್ಯಾವಹಾರಿಕ ಮಾತು. ಝರೀನಾರ ಅಚ್ಚುಗಳನ್ನು ಪುಸ್ತಕಗಳಲ್ಲಿ, ನಮ್ಮಂಥ ಪತ್ರಿಕೆಯ ಸಾಧಾರಣ ಕಾಗದದಲ್ಲಿ ನೋಡಿದರೂ ಅರ್ಧದಷ್ಟಾದರೂ ದಕ್ಕುತ್ತವೆ. ಕಾಗದದ ಮೈಯ ಒರಟು ಮಾತ್ರ ತಪ್ಪಿಹೋಗುತ್ತದೆ. ರಝಾರ 1970ರ ದಶಕದ ಚಿತ್ರಗಳು ಹಾಗಲ್ಲ. ಅಚ್ಚಿನ ಯಂತ್ರ ಅವರ ಕಪ್ಪಿನಡಿ ಇರುವ ಕಂದು, ನೀಲಿ, ಹಸಿರುಗಳನ್ನೆಲ್ಲ ಒಂದೇ ಕಪ್ಪು ಮಾಡಿಬಿಡುತ್ತದೆ. ಬಿಂದುಗಳು ಚೆನ್ನಾಗಿ ಅಚ್ಚಾಗುವುದರಿಂದಲೇ ಕ್ಯಾಲೆಂಡರುಗಳಲ್ಲಿ, ಪುಸ್ತಕದ ಹೊದಿಕೆಗಳಲ್ಲಿ ಅವೇ ಕಾಣಸಿಗುತ್ತವೆ. ದೆಹಲಿಗೋ ಮುಂಬಯಿಗೋ ಹೋದವರು ಅವರ ಆ ಹಳೆಯ ಚಿತ್ರವೊಂದು ಎಲ್ಲಾದರೂ ತೂಗುಹಾಕಿದೆಯೇ ಎಂದು ವಿಚಾರಿಸಿಕೊಂಡು ಹೋಗಿ ನೋಡಬೇಕು. ಎದುರಿಗೆ ನಿಂತು ಐದು ನಿಮಿಷ ಕಳೆದ ಮೇಲೆ, ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ಆಗುವ ಹಾಗೆ, ಒಳಗಿನ ಬಣ್ಣಗಳು ಒಂದೊಂದಾಗಿ ಮೇಲೆ ಬರುತ್ತವೆ.